12 ವೋಲ್ಟಿನ ಪೆಟ್ಟಿಗೆಗೂ ಶಾಖದ ಭಯವುಂಟು

12 ವೋಲ್ಟಿನ ಬ್ಯಾಟರಿಯ ಧ್ರುವಗಳನ್ನು ಒಣಗೈಯಿಂದ ಮುಟ್ಟಿದರೆ ಶಾಕ್ ತಗಲುವುದಿಲ್ಲ. ವಿಜ್ಞಾನ ಪ್ರದರ್ಶನಕ್ಕೆ ಮಾದರಿ ಕಟ್ಟುವ ಮಕ್ಕಳಿಗೂ, ಸೌರದೀಪದ ಪೆಟ್ಟಿಗೆಯನ್ನು ಮನೆಯಲ್ಲೇ ಜೋಡಿಸುವ ಹಿರಿಯರಿಗೂ ಇದೇ ಧೈರ್ಯ. ಈ ಧೈರ್ಯ ದೇಹದ ಮಟ್ಟಿಗೆ ಸರಿ, ಪೆಟ್ಟಿಗೆಯ ಮಟ್ಟಿಗೆ ತಪ್ಪು.

60 ವ್ಯಾಟಿನ ಉಪಕರಣವು 230 ವೋಲ್ಟಿನಲ್ಲಿ ಸುಮಾರು ಕಾಲು ಆಂಪಿಯರ್ ಎಳೆಯುತ್ತದೆ. 12 ವೋಲ್ಟಿನಲ್ಲಿ ಅದಕ್ಕೆ 5 ಆಂಪಿಯರ್ ಬೇಕು. ಹತ್ತನೆಯ ತರಗತಿಯವರು ಓದುವ ಜೌಲನ ನಿಯಮದಂತೆ ಶಾಖವು ಪ್ರವಾಹದ ವರ್ಗವನ್ನು ಅನುಸರಿಸಿ ಏರುತ್ತದೆ. ಟರ್ಮಿನಲ್ ಬ್ಲಾಕಿನಲ್ಲಿ ತಂತಿಯ ಬಿಗಿ ಸಡಿಲವಾಗಿ 0.1 ಓಮ್ ರೋಧ ಹುಟ್ಟಿತೆನ್ನೋಣ. ಕಾಲು ಆಂಪಿಯರಿನಲ್ಲಿ ಅಲ್ಲಿಯ ಶಾಖ ಲೆಕ್ಕಕ್ಕೇ ಬಾರದು. 5 ಆಂಪಿಯರಿನಲ್ಲಿ ಅದು ಎರಡೂವರೆ ವ್ಯಾಟ್, 10 ಆಂಪಿಯರಿನಲ್ಲಿ 10 ವ್ಯಾಟ್, ಅದೂ ಕಡಲೆಕಾಳಿನಷ್ಟು ಜಾಗದಲ್ಲಿ. ಮುಚ್ಚಿದ ಪೆಟ್ಟಿಗೆಯೊಳಗೆ ಅಗ್ಗದ ಪ್ಲಾಸ್ಟಿಕ್ ಮೆತ್ತಗಾಗಲು ಇಷ್ಟು ಸಾಕು. ಪ್ರವಾಹವೇನೂ ಹೆಚ್ಚಿಲ್ಲವಾದ್ದರಿಂದ ಫ್ಯೂಸು ಸುಮ್ಮನೇ ಇರುತ್ತದೆ!

ಆದುದರಿಂದ ಬ್ಲಾಕ್ ಕೊಳ್ಳುವಾಗ ಅದರ ಮೇಲಿನ ವೋಲ್ಟಿನ ಅಂಕಿಯನ್ನು ಕಂಡು ತೃಪ್ತರಾಗುವುದು ವ್ಯರ್ಥ. ನೋಡಬೇಕಾದುದು ಆಂಪಿಯರಿನ ಅಂಕಿ. ಐಇಸಿ 60947-7-1 ಎಂಬ ಅಂತಾರಾಷ್ಟ್ರೀಯ ಮಾನಕದಲ್ಲಿ 2.5 ಚದರ ಮಿಲಿಮೀಟರ್ ತಂತಿಯ ಬ್ಲಾಕಿಗೆ 24 ಆಂಪಿಯರ್, 4 ಚದರ ಮಿಲಿಮೀಟರಿನದಕ್ಕೆ 32 ಆಂಪಿಯರ್. ಆದರೆ ಅದು ಷರತ್ತುಬದ್ಧ ವಾಗ್ದಾನ. ಹೇಳಿದ ದಪ್ಪದ ತಾಮ್ರದ ತಂತಿ ಹಾಕಿದರೆ ಮಾತ್ರ ಅದು ನಿಲ್ಲುತ್ತದೆ. ತಂತಿ ತೆಳುವಾದರೆ, ಪೆಟ್ಟಿಗೆ ಬಿಸಿಲಿನಲ್ಲಿದ್ದರೆ ಅಂಕಿಯನ್ನು ಇಳಿಸಿಕೊಳ್ಳಬೇಕು. ಆರು ದೀಪಗಳಿಗೆ ಕವಲೊಡೆಯುವಾಗ ಒಂದೊಂದು ಕವಲು 2 ಆಂಪಿಯರ್ ಹೊತ್ತರೂ, ಬ್ಯಾಟರಿಯ ತಂತಿ ಸೇರುವ ಕಿಂಡಿ 12 ಆಂಪಿಯರನ್ನು ಹೊರುತ್ತದೆ. ಕಿಂಡಿಗಳನ್ನು ಬೆಸೆಯುವ ಲೋಹದ ಪಟ್ಟಿಯ ಮೊದಲ ಭಾಗಕ್ಕೂ ಹೆಚ್ಚುಕಡಿಮೆ ಅಷ್ಟೇ ಭಾರ. ಇದನ್ನು ಮರೆಯುವವರೇ ಹೆಚ್ಚು.

ಎಳೆಗಳು ಚದುರದಿರಲೆಂದು ತಂತಿಯ ತುದಿಗೆ ಸೋಲ್ಡರ್ ಹಚ್ಚಿ ಸ್ಕ್ರೂವಿನಡಿ ಸಿಕ್ಕಿಸುವುದು ರೂಢಿ. ನೋಡಲು ಅಚ್ಚುಕಟ್ಟು, ಫಲ ವಿಪರೀತ. ಸೋಲ್ಡರ್ ಮೆದು ಲೋಹ. ಒತ್ತಡದಲ್ಲಿ ಮೆಲ್ಲಮೆಲ್ಲನೆ ಹರಡಿ ಬಿಗಿಯನ್ನು ಸಡಿಲಿಸುತ್ತದೆ. ಅದರ ಬದಲು ಫೆರೂಲ್ ಎಂಬ ಸಣ್ಣ ತಾಮ್ರದ ಕೊಳವೆಯನ್ನು ತುದಿಗೆ ತೊಡಿಸಿ ಅದಕ್ಕಾಗಿಯೇ ಇರುವ ಇಕ್ಕಳದಿಂದ ಒತ್ತಬೇಕು. ವಾಹನದಲ್ಲಿ, ಪಂಪಿನ ಪಕ್ಕದಲ್ಲಿ ಇಡುವ ಪೆಟ್ಟಿಗೆಗೆ ಸ್ಪ್ರಿಂಗ್ ಬ್ಲಾಕ್ ಮೇಲು. ಅದುರಾಟಕ್ಕೆ ಸ್ಕ್ರೂ ಸಡಿಲಬಹುದು, ಸ್ಪ್ರಿಂಗ್ ಹಿಡಿತ ಬಿಡದು.

ಅಂಗಡಿಯವನನ್ನು ಹೊಣೆ ಮಾಡಬಹುದಲ್ಲ ಎನ್ನುವವರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 87ನೆಯ ಕಲಮನ್ನು ನೋಡಬೇಕು. ಹಾನಿಯ ವೇಳೆಗೆ ವಸ್ತು ದುರ್ಬಳಕೆಯಾಗಿದ್ದರೆ ಅಥವಾ ಮಾರ್ಪಟ್ಟಿದ್ದರೆ ಮಾರಾಟಗಾರನ ಮೇಲೆ ಉತ್ಪನ್ನ ಹೊಣೆಗಾರಿಕೆಯ ದಾವೆ ಸಲ್ಲದು. 5 ಆಂಪಿಯರಿನ ಬ್ಲಾಕಿನಲ್ಲಿ 10 ಆಂಪಿಯರ್ ಹರಿಸಿದವನಿಗೆ ಈ ವಾದವೇ ಎದುರಾಗುತ್ತದೆ.

ಪ್ರದರ್ಶನದ ಹಿಂದಿನ ದಿನ ಹಿರಿಯರೊಬ್ಬರ ಎದುರಿನಲ್ಲಿ ಅರ್ಧ ಗಂಟೆ ಎಲ್ಲ ದೀಪಗಳನ್ನೂ ಉರಿಸಿ, ಬ್ಯಾಟರಿಯ ತಂತಿ ಬಿಚ್ಚಿ, ಅಂಗೈಯ ಹಿಂಬದಿಯನ್ನು ಬ್ಲಾಕಿನ ಹತ್ತಿರ ಹಿಡಿಯಬೇಕು. ಒಂದು ಕಿಂಡಿ ಮಾತ್ರ ಬಿಸಿಯೆನಿಸಿದರೆ ಅಲ್ಲಿಯ ತಂತಿಯ ತುದಿ ಕತ್ತರಿಸಿ ಹೊಸದಾಗಿ ಜೋಡಿಸಬೇಕು. ಎಲ್ಲವೂ ಬಿಸಿಯಾಗಿದ್ದರೆ ದೊಡ್ಡ ಬ್ಲಾಕನ್ನೇ ತರಬೇಕು.