ಎರಡು ವಾರದ ಅಣ್ಣ-ಅಕ್ಕಂದಿರು (ಕಡಲ ಬದಿ ಸರಣಿ – 5)

1/4 🌊
ಸೆಮ್ ಎಕ್ಸಾಂ ಮುಗಿದ ಕೂಡ್ಲೇ ಎಲ್ಲರ ಫೀಡಲ್ಲೂ ಒಂದೇ ಥರದ ರೀಲ್. ಶ್ರೀಲಂಕಾನೋ, ಬಾಲಿಯೋ, ಯಾವುದೋ ಮೀನುಗಾರರ ಊರು. ಅಲ್ಲಿಯ ಮಕ್ಕಳಿಗೆ ಸರ್ಫಿಂಗ್ ಕಲಿಸುವ ವಾಲಂಟಿಯರ್ ಪ್ರೋಗ್ರಾಂ. ದುಡ್ಡು ನಾವೇ ಕೊಡ್ಬೇಕು, ಎರಡು ವಾರ ಇರ್ಬೇಕು, ಕೊನೆಗೊಂದು ಸರ್ಟಿಫಿಕೇಟ್. ನಮ್ಮ ಕ್ಲಾಸ್ ಗ್ರೂಪಲ್ಲಿ ಮೂರು ಜನ ಅದನ್ನು ಹಾಕಿ ‘ಲೈಫಲ್ಲಿ ಒಮ್ಮೆ ಮಾಡ್ಬೇಕು’ ಅಂತ ಬರೆದಿದ್ರು.

ತಮಾಷೆ ಎಂತ ಗೊತ್ತುಂಟಾ? ಅಂಥದ್ದೇ ಊರು ನಮಗೆ ಸ್ಟೇಟ್‌ಬ್ಯಾಂಕಿಂದ ಬಸ್ ಹತ್ತಿದ್ರೆ ಸಿಗ್ತದೆ. ಮುಲ್ಕಿ. ಪಕ್ಕದಲ್ಲೇ ಸಸಿಹಿತ್ಲು, ಶಾಂಭವಿ ಮತ್ತು ನಂದಿನಿ ಎರಡೂ ಕಡಲಿಗೆ ಸೇರುವ ಜಾಗ. ಬೇರೆಯವರು ವಿಮಾನ ಹತ್ತಿ ಬರುವ ‘ಫಾರಿನ್ ಫಿಶಿಂಗ್ ಟೌನ್’ ಅಂದ್ರೆ ಅದೇ ಮಾರಾಯ್ರೆ. ಅವರ ಪೋಸ್ಟ್‌ಕಾರ್ಡಿನ ಒಳಗೆ ನಾವು ಬದುಕ್ತಾ ಇದ್ದೇವೆ.

ಹೊರಗಿನಿಂದ ಬಂದವರನ್ನು ಗೇಲಿ ಮಾಡ್ಲಿಕ್ಕೆ ಈ ಪೋಸ್ಟ್ ಅಲ್ಲ. ಅವರು ಬಾರದಿದ್ರೆ ಇಲ್ಲಿ ಸರ್ಫಿಂಗೇ ಇರ್ತಿರಲಿಲ್ಲ. 2004ರಲ್ಲಿ ಮುಲ್ಕಿಯಲ್ಲಿ ಸರ್ಫ್ ಆಶ್ರಮ ಶುರು ಮಾಡಿದ ಜ್ಯಾಕ್ ಹೆಬ್ನರ್ ಅಮೆರಿಕದವರು, ‘ಸರ್ಫಿಂಗ್ ಸ್ವಾಮಿ’ ಅಂತಲೇ ಹೆಸರು. 2016ರಲ್ಲಿ ಸಸಿಹಿತ್ಲಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯುವ ಹೊತ್ತಿಗೆ ಇಲ್ಲಿಯ ಹುಡುಗರೇ ಬೋರ್ಡ್ ಹಿಡ್ಕೊಂಡು ನಿಂತಿದ್ರು. ಹನ್ನೆರಡು ವರ್ಷದ ಕೆಲಸ ಅದು. ಎರಡು ವಾರದ್ದಲ್ಲ.

2/4
ಕೋಡಿ ಬೆಂಗ್ರೆಯ ಕಥೆ ನನಗೆ ಇನ್ನೂ ಇಷ್ಟ, ಯಾಕಂದ್ರೆ ಅದು ನಮ್ಮ ವಯಸ್ಸಿನವರದ್ದು. ಇಶಿತಾ ಮಾಳವೀಯ, ತುಷಾರ್ ಪಥಿಯನ್ ಇಬ್ಬರೂ ಮಣಿಪಾಲಕ್ಕೆ ಓದ್ಲಿಕ್ಕೆ ಬಂದ ಮುಂಬೈಯವರು. ಜರ್ಮನಿಯಿಂದ ಬಂದ ಒಬ್ಬ ಎಕ್ಸ್‌ಚೇಂಜ್ ಸ್ಟೂಡೆಂಟ್ ಹತ್ತಿರ ಬೋರ್ಡ್ ಕಂಡು, ಅವನ ಮೂಲಕ ಮುಲ್ಕಿಯ ಆಶ್ರಮದ ದಾರಿ ಹಿಡಿದ್ರು. 2007ರಲ್ಲಿ ಶಾಕಾ ಸರ್ಫ್ ಕ್ಲಬ್ ಶುರುವಾಯ್ತು. ಸುವರ್ಣಾ, ಸೀತಾ ಹೊಳೆಗಳು ಕಡಲು ಸೇರುವ ಆ ಸಣ್ಣ ಊರಿನ ಮಕ್ಕಳಿಗೆ ಅವರು ಕಲಿಸಿದ್ರು. ಡಿಗ್ರಿ ಮುಗಿದ ಮೇಲೆ ಟಾಟಾ ಹೇಳಿ ಹೋಗ್ಲಿಲ್ಲ. ಇಶಿತಾ ಅಂದ್ರೆ ದೇಶದ ಮೊದಲ ಪ್ರೊಫೆಶನಲ್ ಮಹಿಳಾ ಸರ್ಫರ್ ಅಂತ ಎಲ್ಲರೂ ಹೇಳ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಲ್ಲೇ ಉಳಿದದ್ದು.

ಕೇರಳದ ಕೋವಳಂ ನೋಡಿ. ಬೆಲ್ಜಿಯಂನ ಯೆಲ್ಲೆ ರಿಗೋಲ್ 2005ರಲ್ಲಿ ಅಲ್ಲಿ ಸರ್ಫ್ ಕ್ಲಬ್ ಶುರು ಮಾಡಿದ್ರು, ಶಾಲೆ ಬಿಟ್ಟ ಮಕ್ಕಳಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಯ ಜೊತೆ. ರೂಲ್ ಒಂದೇ: ಶಾಲೆಗೆ ಹೋಗದಿದ್ರೆ ಬೋರ್ಡ್ ಇಲ್ಲ. ಆ ಕ್ಲಬ್ಬಿನಲ್ಲಿ ಬೆಳೆದ ಹುಡುಗ ರಮೇಶ್ ಬೂದಿಹಾಳ್. ಹೆಸರು ಕೇಳಿದ್ರೇ ಗೊತ್ತಾಗ್ತದೆ, ಮೂಲ ನಮ್ಮ ಕರ್ನಾಟಕದ ಕುಟುಂಬ. 2025ರ ಆಗಸ್ಟಲ್ಲಿ ಮಹಾಬಲಿಪುರಂನ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ಅವರಿಗೆ ಕಂಚು, ಆ ಕೂಟದಲ್ಲಿ ವೈಯಕ್ತಿಕ ಪದಕ ಗೆದ್ದ ಮೊದಲ ಭಾರತೀಯ. ಪದಕದ ರೀಲ್ ನಾವೆಲ್ಲ ಶೇರ್ ಮಾಡಿದ್ವಿ. ಆದ್ರೆ ಇವತ್ತು ಶಾಲೆಗೆ ಹೋದ್ಯಾ ಅಂತ ದಿನಾ ಕೇಳಿದವರ ರೀಲ್ ಯಾರೂ ಮಾಡುವುದಿಲ್ಲ. ಮಾಡಿದ್ರೂ ಓಡುವುದಿಲ್ಲ ಬಿಡಿ 😅

ಬೋರ್ಡ್ ಒಂದು ನೆಪ ಅಷ್ಟೆ. ಮಗು ತಪ್ಪದೆ ಬರ್ಬೇಕು, ಬಂದಾಗ ಅಲ್ಲಿ ಗುರ್ತದ ಮುಖ ಇರ್ಬೇಕು. ಎರಡು ವಾರಕ್ಕೊಮ್ಮೆ ಹೊಸ ಅಣ್ಣ, ಹೊಸ ಅಕ್ಕ ಬಂದು ತಬ್ಬಿಕೊಂಡು ಫೋಟೋ ತೆಗೆದು ಹೋದ್ರೆ ಆ ಮಕ್ಕಳು ಕಲಿಯುವ ಪಾಠ ಬೇರೆಯೇ: ಬರುವವರೆಲ್ಲ ಹೋಗುವವರು.

3/4
ಈಗ ಬಿಕಾಂ ಬುದ್ಧಿ ಸ್ವಲ್ಪ ತೋರಿಸ್ತೇನೆ, ಸಹಿಸಿಕೊಳ್ಳಿ.

ಫಸ್ಟ್ ಇಯರಲ್ಲಿ ಕ್ಯಾಪಿಟಲ್ ಎಕ್ಸ್‌ಪೆಂಡಿಚರ್, ರೆವೆನ್ಯೂ ಎಕ್ಸ್‌ಪೆಂಡಿಚರ್ ಅಂತ ಬಾಯಿಪಾಠ ಮಾಡಿದ್ವಲ್ಲ. ಇಂಥ ಪ್ರೋಗ್ರಾಂಗೆ ದುಡ್ಡು ಕೊಡುವವರೆಲ್ಲ ಮೊದಲನೆಯದ್ದಕ್ಕೇ ಕೊಡುವುದು. ಸರ್ಫ್‌ಬೋರ್ಡ್ ಕೊಟ್ರೆ ಅದರ ಮೇಲೆ ಹೆಸರು ಬರೆಸ್ಬಹುದು, ಪಕ್ಕದಲ್ಲಿ ನಿಂತು ಫೋಟೋ ತೆಗೀಬಹುದು. ಎರಡನೆಯದ್ದಕ್ಕೆ ಯಾರೂ ಇಲ್ಲ. ಬಿರುಕು ಬಿಟ್ಟ ಬೋರ್ಡಿನ ರಿಪೇರಿ, ಮುರಿದ ಫಿನ್, ವ್ಯಾಕ್ಸ್, ಫಸ್ಟ್ ಏಡ್ ಬಾಕ್ಸ್, ನೀರಿಂದ ಮೇಲೆ ಬಂದ ಮಕ್ಕಳಿಗೆ ಬಾಳೆಹಣ್ಣು-ಮೊಟ್ಟೆ. ಎಲ್ಲಕ್ಕಿಂತ ಮೊದಲು, ತಿಂಗಳು ತಿಂಗಳು ಕೊಡ್ಬೇಕಾದ ಕೋಚ್ ಸಂಬಳ. ಊರಿನ ಹುಡುಗನೇ ಕೋಚ್ ಆದ್ರೆ ಅವನಿಗೂ ಮನೆ ನಡೀಬೇಕಲ್ವಾ? ಸಂಬಳ ಇಲ್ಲದಿದ್ರೆ ಅವನು ಬೋಟಿಗೆ ಹೋಗ್ತಾನೆ, ಇಲ್ಲ ಗಲ್ಫಿಗೆ. ಬೋರ್ಡ್ ಗೋಡೆಗೆ ಒರಗಿ ಡಿಪ್ರಿಸಿಯೇಶನ್ ಆಗ್ತಾ ಕೂತಿರ್ತದೆ.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಟಿಮ್ ಕೋನಿಬೇರ್ ಕಟ್ಟಿದ ‘ವೇವ್ಸ್ ಫಾರ್ ಚೇಂಜ್’ ಇದನ್ನು ಸರಿಯಾಗಿ ಹಿಡಿದುಕೊಂಡಿದೆ. ಆ ಮಕ್ಕಳ ಕೇರಿಯ ಯುವಕ-ಯುವತಿಯರಿಗೇ ಟ್ರೈನಿಂಗ್ ಕೊಟ್ಟು ಕೋಚ್ ಮಾಡುವುದು ಅವರ ರೀತಿ.

ಹಾಗಾದ್ರೆ ನಮ್ಮಂಥವರಿಗೆ ಎಂತ ಕೆಲಸ? ನೀರಲ್ಲಂತೂ ಅಲ್ಲ. ಪಣಂಬೂರು, ಸೋಮೇಶ್ವರ, ಮಲ್ಪೆಯಲ್ಲಿ ನೀರಿಗಿಳಿದ ಕಾಲೇಜು ಮಕ್ಕಳ ಸುದ್ದಿ ಪೇಪರಲ್ಲಿ ಓದ್ತಾನೇ ಇರ್ತೇವೆ. ಎಳೆತಕ್ಕೆ ಸಿಕ್ಕಿದ್ರೆ ದಡಕ್ಕೆ ನೇರ ಈಜ್ಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಗೆ ಬರ್ಬೇಕು ಅಂತ ನಮ್ಮ ಕ್ಲಾಸಲ್ಲಿ ಎಷ್ಟು ಜನರಿಗೆ ಗೊತ್ತು? ಹೊಳೆ ಕಡಲಿಗೆ ಸೇರುವ ಬಾಯಿಯಲ್ಲಿ ಸೆಳೆತ ಹೇಗಿರ್ತದೆ ಅಂತ ಸಸಿಹಿತ್ಲಿನ ಹತ್ತು ವರ್ಷದ ಹುಡುಗಿ ನಮಗೆ ಪಾಠ ಮಾಡ್ಬಹುದು. ಹಾಗಂತ ಕಡಲ ಬದಿ ಹುಟ್ಟಿದವರಿಗೆಲ್ಲ ಈಜು ಬರ್ತದೆ ಅಂತ ತಿಳ್ಕೊಳ್ಳುವುದೂ ನಗರದವರ ಭ್ರಮೆಯೇ. ಕಲಿಸ್ಬೇಕು, ಕಲಿತವರೇ ಕಲಿಸ್ಬೇಕು.

ನಮ್ಮ ಕೆಲಸ ದಡದಲ್ಲಿ. ಲೆಕ್ಕ ಬರೆಯುವುದು, ಹಾಜರಿ ಹಿಡಿಯುವುದು, ಸ್ಕಾಲರ್‌ಶಿಪ್ ಫಾರ್ಮ್ ತುಂಬಿಸುವುದು, ಎಂಟನೇ ಕ್ಲಾಸಿನ ಗಣಿತ ಹೇಳಿಕೊಡುವುದು. ಬೋರಿಂಗಾ? ಹೌದು, ತುಂಬ.

4/4
ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೋಟಿನ ಕೆಲಸ ನಂಬಿದ ಮನೆಗಳಲ್ಲಿ ಕೈ ಖಾಲಿ. ಅದೇ ಜೂನಲ್ಲಿ ಶಾಲೆ ಶುರು: ಪುಸ್ತಕ, ಯೂನಿಫಾರ್ಮ್, ಕೊಡೆ. ಅದೇ ಮಳೆಗಾಲದಲ್ಲಿ ಕಡಲು ಹುಚ್ಚು ಹಿಡಿದ ಹಾಗೆ ಇರುವ ಕಾರಣ ಕಲಿಯುವ ಮಕ್ಕಳಿಗೆ ಸರ್ಫಿಂಗೂ ಇಲ್ಲ. ಮಗು ಕೈತಪ್ಪುವ ಭಯ ಜಾಸ್ತಿ ಇರುವ ತಿಂಗಳಲ್ಲೇ ವಾಲಂಟಿಯರ್‌ಗಳೂ ಇಲ್ಲ, ಬಿಸಿಲೂ ಇಲ್ಲ, ಫೋಟೋನೂ ಇಲ್ಲ. ಹೊರದೇಶದವರು ಮಳೆಗಾಲಕ್ಕೆ ಬರುವುದಿಲ್ಲ, ಅದು ಅವರ ತಪ್ಪಲ್ಲ. ಆದ್ರೆ ನಾವು ಮಳೆಗಾಲದಲ್ಲೂ ಇಲ್ಲೇ ಇರ್ತೇವಲ್ಲ.

ಎನ್‌ಎಸ್‌ಎಸ್‌ನವರು ಕೇಳಿ. ಎರಡು ವರ್ಷಕ್ಕೆ 240 ಗಂಟೆ ನಮ್ಮ ಲೆಕ್ಕ. ಬೀಚ್ ಕ್ಲೀನಿಂಗ್ ಒಂದು ದಿನ, ಬ್ಯಾನರ್ ಹಿಡ್ಕೊಂಡು ಗ್ರೂಪ್ ಫೋಟೋ, ವಾಪಸ್ ಬರುವಾಗ ಗಡ್‌ಬಡ್. ನಾನೂ ತಿಂದಿದ್ದೇನೆ, ರುಚಿ ಉಂಟು 🍨 ಅದೇ 240 ಗಂಟೆಯನ್ನು ಶನಿವಾರಕ್ಕೆ 3 ಗಂಟೆಯಂತೆ ಹಂಚಿದ್ರೆ 80 ಶನಿವಾರ. ಒಬ್ಬ ಹುಡುಗ ಎಂಟನೇ ಕ್ಲಾಸಿಂದ ಎಸ್‌ಎಸ್‌ಎಲ್‌ಸಿ ಬಾಗಿಲಿಗೆ ಬಂದು ನಿಲ್ಲುವಷ್ಟು ದಿನ. ಜನ ಕಮ್ಮಿ ಆದ್ರೂ ಪರ್ವಾಗಿಲ್ಲ. ಐವತ್ತು ಜನ ಒಂದು ದಿನ ಹೋಗುವುದಕ್ಕಿಂತ ನಾಲ್ಕು ಜನ ಎರಡು ವರ್ಷ ಹೋಗ್ಲಿ.

‘ಏನೂ ಮಾಡದೆ ಕೂರುವುದಕ್ಕಿಂತ ಎರಡು ವಾರ ಮಾಡುವುದು ಒಳ್ಳೇದಲ್ವಾ’ ಅಂತ ಕಮೆಂಟ್ ಬರ್ತದೆ, ಗೊತ್ತು. ಬೋರ್ಡ್ ರಿಪೇರಿ, ಬಣ್ಣ ಬಳಿಯುವುದು, ವೆಬ್‌ಸೈಟ್ ಮಾಡಿಕೊಡುವುದು, ಇದಕ್ಕೆಲ್ಲ ಎರಡು ವಾರ ಧಾರಾಳ. ಮಗುವಿನ ನಂಬಿಕೆ ಸಂಪಾದಿಸುವ ಕೆಲಸಕ್ಕೆ ಸಾಲದು.

ಹೋಗುವವರಿಗೆ ನನ್ನ ಕಡೆಯಿಂದ ಎರಡೇ ಮಾತು. ಮೊದಲು ಅಲ್ಲಿಯ ಕ್ಲಬ್‌ನವರನ್ನು, ಶಾಲೆಯ ಟೀಚರನ್ನು ಎಂತ ಬೇಕು ಅಂತ ಕೇಳಿ. ನಮ್ಮ ಪ್ಲಾನ್ ಹಿಡ್ಕೊಂಡು ಹೋಗ್ಬೇಡಿ. ಮಕ್ಕಳ ಫೋಟೋ ಹಾಕುವ ಮೊದಲು ಮನೆಯವರನ್ನು ಕೇಳಿ. ಮೀನು ಮಾರ್ಕೆಟಲ್ಲಿ ಕೂತಿರುವ ಅಮ್ಮನ ಕೈಯಲ್ಲೂ ಫೋನ್ ಉಂಟು, ‘ಬಡ ಮಕ್ಕಳ ಮುಗ್ಧ ನಗು’ ಅಂತ ನೀವು ಬರೆದದ್ದನ್ನು ಅವರೂ ಓದ್ತಾರೆ.

ಜೂನಿನ ಮೊದಲ ಶನಿವಾರದಿಂದ ಯಾರ್ಯಾರು ಫ್ರೀ ಇದ್ದೀರಿ ಅಂತ ಕಮೆಂಟಲ್ಲಿ ಹೆಸರು ಹಾಕಿ. ಬಸ್ ಚಾರ್ಜ್ ಅವರವರದ್ದೇ. ರೈನ್‌ಕೋಟ್ ತನ್ನಿ, ಕೊಡೆ ಅಲ್ಲಿಯ ಗಾಳಿಗೆ ನಿಲ್ಲುವುದಿಲ್ಲ.

#ಕಡಲಬದಿ #ಮಂಗಳೂರು #ಮುಲ್ಕಿ #ಸಸಿಹಿತ್ಲು