ಬೆಳೆ ಕಾಯಲು ಹೊಸ ಟೂಟೂ ರೈಫಲ್ ಕೊಳ್ಳಬೇಕೇ?

ಮಲೆನಾಡಿನ ಅಡಿಕೆ ತೋಟದವರಲ್ಲಿಯೂ, ಕಾಡಂಚಿನಲ್ಲಿ ಭತ್ತ, ಜೋಳ ಬೆಳೆಯುವವರಲ್ಲಿಯೂ ಈ ಪ್ರಶ್ನೆ ಆಗಾಗ ಏಳುವುದುಂಟು. ಮನೆಯಲ್ಲಿರುವ ಒಂಟಿ ನಳಿಗೆಯ ಕೋವಿ ತಾತನ ಕಾಲದ್ದು. ಅದರ ಬದಲು, ಬೋಲ್ಟು ಹಿಂದೆಳೆದು ತೋಟಾ ತುಂಬುವ ಹೊಸ ಪಾಯಿಂಟ್ ಟೂಟೂ ರೈಫಲ್ ಒಂದನ್ನು ಕೊಂಡರೆ ಹೇಗೆ? ಹಗುರ, ಗುರಿ ತಪ್ಪದು, ಭುಜಕ್ಕೆ ಒದೆಯದು, ತೋಟಾ ಅಗ್ಗ. ಇವೆಲ್ಲವೂ ನಿಜವೇ. ಆದರೂ ಬೆಳೆ ರಕ್ಷಣೆಗಾಗಿ ಇದನ್ನು ಕೊಳ್ಳಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಾರಣಗಳನ್ನು ಓದಿದ ಮೇಲೆ ತೀರ್ಮಾನವನ್ನು ನೀವೇ ಮಾಡಿರಿ.

ಮೊದಲು ಈ ಆಯುಧ ಎಂಥದೆಂದು ತಿಳಿಯೋಣ. ನಮ್ಮ ಹನ್ನೆರಡು ಬೋರಿನ ಕೋವಿಯ ತೋಟಾದಲ್ಲಿ ಸಿಡಿಯುವ ಕೇಪು ತಳದ ನಡುವೆ ಇರುತ್ತದೆ. ಟೂಟೂ ತೋಟಾದಲ್ಲಿ ಸಿಡಿಮದ್ದನ್ನು ತಳದ ಅಂಚಿನೊಳಗೇ ತುಂಬಿರುತ್ತಾರೆ. ಕುದುರೆಮುಳ್ಳು ಅಂಚಿಗೆ ಬಡಿದಾಗ ಅದು ಹಾರುತ್ತದೆ. ಇದಕ್ಕೇ ರಿಮ್‌ಫೈರ್ ಎಂಬ ಹೆಸರು. ಗುಂಡಿನ ಅಡ್ಡಳತೆ ಅಂಗುಲದ ನೂರರಲ್ಲಿ ಇಪ್ಪತ್ತೆರಡು ಪಾಲು, ತೂಕ ಸುಮಾರು 2.6 ಗ್ರಾಂ. 1887ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ತೋಟಾ ಅಲ್ಲಿನ ಒಕ್ಕಲು ಮನೆಗಳಲ್ಲಿ ಇಂದಿಗೂ ಸಾಮಾನ್ಯ. ಅಲ್ಲಿಯವರು ಅದರಿಂದ ಹೊಡೆಯುವುದು ಮೊಲ, ಅಳಿಲುಗಳಂಥ ಸಣ್ಣ ಪ್ರಾಣಿಗಳನ್ನು. ಅಲ್ಲಿನ ಕಾನೂನೂ ಅದಕ್ಕೆ ಎಡೆ ಕೊಟ್ಟಿದೆ. ನಮ್ಮ ತೋಟಕ್ಕೆ ನುಗ್ಗುವುದು ಹಂದಿ, ಮಂಗ, ಕೆಲವೆಡೆ ಆನೆ. ವಿದೇಶದ ಚಿತ್ರ ನೋಡಿ ಆಸೆಪಡುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಬೆಳೆ ಕಾಯುವ ಕೋವಿ ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಅದರ ಸದ್ದಿನದು. ರಾತ್ರಿ ಗದ್ದೆಯ ಮಾಳದಿಂದ ಒಂದು ಈಡು ಹಾರಿಸಿದರೆ ಗುಡ್ಡಕ್ಕೆ ಗುಡ್ಡವೇ ಮೊಳಗುತ್ತದೆ. ಹಂದಿಯ ಹಿಂಡು ಆ ರಾತ್ರಿಗಾದರೂ ಬೇರೆ ದಾರಿ ಹಿಡಿಯುತ್ತದೆ. ಕೇಪಿನ ಕೋವಿಗೆ ಬರಿಯ ಮದ್ದು ತುಂಬಿ ಹೊಡೆದರೂ ಇದು ಸಾಧ್ಯ. ಟೂಟೂ ರೈಫಲಿನ ಸದ್ದಾದರೋ ಒಣ ಕಡ್ಡಿ ಮುರಿದಂತೆ 'ಚಟ್' ಎನ್ನುವಷ್ಟೇ. ಜೋಳದ ಹೊಲದ ಆ ತುದಿಯಲ್ಲಿ ಮೇಯುವ ಹಂದಿ ತಲೆಯೆತ್ತಿಯೂ ನೋಡಲಾರದು. ಬೆದರಿಸುವ ಕೆಲಸಕ್ಕೆ ಬಾರದ ಆಯುಧವನ್ನು ಕಾವಲಿಗೆಂದು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಕೊಲ್ಲುವ ಕೆಲಸಕ್ಕಾದರೂ ಆದೀತೇ ಎಂದರೆ, ಅದೂ ಇಲ್ಲ. ಟೂಟೂ ಗುಂಡಿನ ಹೊಡೆತದ ಬಲ ನಳಿಗೆಯ ಬಾಯಲ್ಲಿ ಸುಮಾರು 150 ಜೌಲ್. ಹನ್ನೆರಡು ಬೋರಿನ ತೋಟಾದ್ದು 2,000 ಜೌಲಿಗೂ ಮೇಲೆ. ಬಲಿತ ಗಂಡುಹಂದಿ ನೂರು ಕಿಲೋ ದಾಟುವುದುಂಟು. ಅದರ ಹೆಗಲ ಮೇಲಿನ ಚರ್ಮ ಗುರಾಣಿಯಷ್ಟು ಗಟ್ಟಿ. ಇಂಥ ಪ್ರಾಣಿಗೆ ಟೂಟೂ ಗುಂಡು ತಗುಲಿದರೆ ಅದು ಸಾಯುವುದಕ್ಕಿಂತ ಗಾಯಗೊಂಡು ಪೊದೆ ಸೇರುವುದೇ ಹೆಚ್ಚು. ಮರುದಿನ ಬೆಳಿಗ್ಗೆ ಆ ಪೊದೆಯ ಬಳಿ ಸೊಪ್ಪಿಗೆ ಹೋಗುವವಳು ನಿಮ್ಮ ಮನೆಯ ಆಳು, ಇಲ್ಲವೇ ನೆರೆಮನೆಯ ಹೆಂಗಸು.

ಬಲ ಕಡಿಮೆಯೆಂದ ಮಾತ್ರಕ್ಕೆ ನಿರಪಾಯವೆಂದು ತಿಳಿಯಬೇಡಿರಿ. ಇದೇ ನನಗೆ ಹೆಚ್ಚು ಆತಂಕದ ವಿಷಯ. ಚರೆಗಳು ಇನ್ನೂರು, ಮುನ್ನೂರು ಮೀಟರಿನೊಳಗೆ ಸೋತು ನೆಲಕ್ಕೆ ಬೀಳುತ್ತವೆ. ಟೂಟೂ ಗುಂಡು ಮಾತ್ರ ಓರೆಯಾಗಿ ಮೇಲಕ್ಕೆ ಹಾರಿದರೆ ಒಂದು ಮೈಲಿಗೂ ಆಚೆ ಹೋಗಿ ಬೀಳಬಲ್ಲದು, ಬೀಳುವಾಗಲೂ ಮನುಷ್ಯನ ಜೀವ ತೆಗೆಯಬಲ್ಲದು. ಅಡಿಕೆ ತೋಟದಲ್ಲಿ ಕೋವಿಯ ಬಾಯಿ ಯಾವಾಗಲೂ ಮರದ ತಲೆಯ ಕಡೆಗೇ. ಹಿಂದೆ ಗುಂಡನ್ನು ತಡೆಯಲು ದಿಬ್ಬವಿಲ್ಲ, ಇರುವುದು ಆಕಾಶ. ಅದರಾಚೆ ಇನ್ನೊಬ್ಬರ ತೋಟ, ಶಾಲೆ, ಬಸ್ಸಿನ ದಾರಿ. ಜಂಬಿಟ್ಟಿಗೆಯ ಕಲ್ಲಿಗೋ ಕೆರೆಯ ನೀರಿಗೋ ಬಡಿದರೆ ಈ ಸಣ್ಣ ಗುಂಡು ಚಿಮ್ಮಿ ಎತ್ತ ಬೇಕಾದರೂ ತಿರುಗುತ್ತದೆ. ಗುರಿ ಎಷ್ಟು ಚೆನ್ನಾಗಿದ್ದರೂ ಚಿಮ್ಮಿದ ಗುಂಡು ಹೊಡೆದವನ ಮಾತು ಕೇಳುವುದಿಲ್ಲ.

ಇನ್ನು ಕಾನೂನು. 1959ರ ಆಯುಧ ಕಾಯಿದೆಯ 13ನೆಯ ಪ್ರಕರಣ ಇಲ್ಲಿ ಬಹಳ ಮುಖ್ಯ. ಬೆಳೆ ರಕ್ಷಣೆಗೆಂದು ಅದು ಹೆಸರಿಸಿರುವುದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, ಒಳಗೆ ಸುರುಳಿಗೆರೆಗಳಿಲ್ಲದ ನುಣುಪು ನಳಿಗೆಯ ಬೇರೆ ಕೋವಿಯನ್ನು. ಟೂಟೂ ರೈಫಲಿನ ಮಾತೂ ಅದೇ ಪ್ರಕರಣದಲ್ಲಿದೆ, ಆದರೆ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸ ಮಾಡುವುದಕ್ಕೆಂದು. ಬೇರೆ ಉದ್ದೇಶಕ್ಕೆ ಕೇಳಿದರೆ ತಕ್ಕ ಕಾರಣವಿದೆಯೆಂದು ಅಧಿಕಾರಿಯನ್ನು ಒಪ್ಪಿಸಬೇಕು. 'ಅಡಿಕೆಗೆ ಮಂಗನ ಕಾಟ' ಎಂದು ಬರೆದುಕೊಟ್ಟರೆ ರೈಫಲಿಗೆ ಲೈಸೆನ್ಸು ಸಿಕ್ಕೀತೆಂಬ ಭರವಸೆ ಬೇಡ. 2019ರ ತಿದ್ದುಪಡಿಯ ನಂತರ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮೊದಲು ಮೂರಕ್ಕೆ ಅವಕಾಶವಿತ್ತು. ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದ್ದೊಂದು ಅನುಕೂಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯ ಕಥೆಯೇ ಬೇರೆ. ಉಳಿದ ಜಿಲ್ಲೆಯವರು ಅದನ್ನು ತೋರಿಸಿ ವಾದಿಸಿ ಫಲವಿಲ್ಲ.

ಶೆಟ್ಟಿಹಳ್ಳಿ, ಮೂಕಾಂಬಿಕಾ, ಸೋಮೇಶ್ವರ, ಪುಷ್ಪಗಿರಿ ಮುಂತಾದ ಅಭಯಾರಣ್ಯಗಳ ಬಳಿ ಇರುವವರಿಗೆ ಇನ್ನೊಂದು ಮಾತು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದಿಂದ 10 ಕಿಲೋಮೀಟರ್ ಸುತ್ತಳತೆಯೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯಿಲ್ಲದೆ ಹೊಸ ಬಂದೂಕಿನ ಲೈಸೆನ್ಸು ಕೊಡುವಂತಿಲ್ಲ. ಅರ್ಜಿ ಬರೆಯುವ ಮೊದಲು ನಿಮ್ಮ ಜಮೀನು ಆ ಗಡಿಯೊಳಗೆ ಬರುತ್ತದೆಯೇ ಎಂದು ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿರಿ.

ಬಂದೂಕಿನ ಲೈಸೆನ್ಸು ಇದ್ದರೆ ಪ್ರಾಣಿಯನ್ನು ಹೊಡೆಯಬಹುದೆಂದು ನಂಬಿರುವವರು ಇನ್ನೂ ಇದ್ದಾರೆ. ಇದು ತಪ್ಪು. ಲೈಸೆನ್ಸು ಆಯುಧ ಇಟ್ಟುಕೊಳ್ಳಲು ಮಾತ್ರ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಯಿದೆಯ ಹಳೆಯ 'ಉಪದ್ರವಿ ಪ್ರಾಣಿ'ಗಳ ಪಟ್ಟಿಯೇ ಹೋಯಿತು. ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ; ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯಲು ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಬೇಕೇಬೇಕು. ನಮ್ಮ ಊರಿನ ಸಾಮಾನ್ಯ ಮಂಗವಾದರೋ ಈಗ ಮೊದಲನೆಯ ಅನುಸೂಚಿಗೆ ಏರಿದೆ. ಅದನ್ನು ಕೊಂದರೆ ಕನಿಷ್ಠ ಮೂರು ವರ್ಷ ಸಜೆ, ಏಳು ವರ್ಷದವರೆಗೂ ಆಗಬಹುದು. ಮಂಗನಿಂದ ಎಳೆಗಾಯಿ ಕಳೆದುಕೊಂಡವನ ಸಂಕಟ ಈ ಕಾನೂನಿಗೆ ಪೂರ್ತಿ ತಿಳಿದಿದೆಯೆಂದು ನಾನು ಹೇಳಲಾರೆ. ಕಾಯಿದೆ ಬದಲಾಗಬೇಕೆಂದು ಕೇಳುವುದು ರೈತರ ಹಕ್ಕು. ಆದರೆ ಬದಲಾಗುವ ತನಕ ಸದ್ದಿಲ್ಲದ ರೈಫಲಿನಿಂದ ಗುಟ್ಟಾಗಿ ಹೊಡೆದರಾಯಿತೆಂಬ ಸಲಹೆ ಯಾರಾದರೂ ಕೊಟ್ಟರೆ, ಜೈಲಿಗೆ ಹೋಗುವವರು ಅವರಲ್ಲ, ನೀವು.

ಖರ್ಚಿನ ಲೆಕ್ಕ ಹಾಕುವಾಗ ಅಂಗಡಿಯ ಬೆಲೆಯೊಂದನ್ನೇ ನೋಡಬಾರದು. ಬೀಗದ ಕಪಾಟು, ತರಬೇತಿಯ ಪ್ರಮಾಣಪತ್ರ, ನವೀಕರಣದ ಓಡಾಟ ಎಲ್ಲವೂ ಸೇರುತ್ತವೆ. ಚುನಾವಣೆ ಬಂತೆಂದರೆ ಬಂದೂಕನ್ನು ಠಾಣೆಗೆ ಒಪ್ಪಿಸಿ ಬರಬೇಕಾಗುವುದು ನಿಮಗೆ ಗೊತ್ತೇ ಇದೆ. ಅದೇ ಹಣವನ್ನು ಸೌರಬೇಲಿಗೆ ಹಾಕಿದರೆ ಅದು ನೀವು ಮಲಗಿದ್ದಾಗಲೂ ಕಾಯುತ್ತದೆ. ಹಂದಿಗಾದರೆ ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಎತ್ತರ ಇರಬಾರದು, ಹುಲ್ಲು ತಾಗದಂತೆ ಆಗಾಗ ಸವರುತ್ತಿರಬೇಕು. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವ ಹುಚ್ಚು ಕೆಲಸಕ್ಕೆ ಮಾತ್ರ ಯಾರೂ ಕೈ ಹಾಕಬಾರದು. ಮಂಗಕ್ಕೆ ಬೇಲಿ ಅಷ್ಟು ಫಲಕಾರಿಯಲ್ಲವೆಂಬುದೂ ನಿಜ. ಅಲ್ಲಿ ಹಗಲು ಕಾವಲು, ನಾಯಿ, ಸದ್ದು ಇವೇ ಗತಿ. ಸದ್ದಿಗೆ ಹಳೆಯ ಕೋವಿ ಸಾಕು. ಲೈಸೆನ್ಸುಳ್ಳ ರಿಪೇರಿಯವನಿಂದ ಕೀಲು, ಕುದುರೆ, ನಳಿಗೆಯ ಒಳಮೈ ತಪಾಸಣೆ ಮಾಡಿಸಿದರೆ ಅದು ಇನ್ನೊಂದು ತಲೆಮಾರಿಗೂ ಬಾಳಿಕೆ ಬಂದೀತು.

ಹಾಗಾದರೆ ಟೂಟೂ ರೈಫಲ್ ಯಾರಿಗೆ? ಗುರಿ ಹೊಡೆಯುವುದರಲ್ಲಿ ಆಸಕ್ತಿಯುಳ್ಳ ನಿಮ್ಮ ಮಗನಿಗೋ ಮಗಳಿಗೋ ಇದಕ್ಕಿಂತ ಒಳ್ಳೆಯ ಆಯುಧವಿಲ್ಲ. ಮೊದಲು ಕ್ಲಬ್ಬು ಸೇರಿಸಿರಿ, ಒಂದು ವರ್ಷ ಕ್ಲಬ್ಬಿನ ರೈಫಲಿನಲ್ಲೇ ಕಲಿಯಲಿ. ಗುರಿ ಅಭ್ಯಾಸದ ಟೂಟೂ ರೈಫಲಿಗೆ ಎರಡು ಬಂದೂಕಿನ ಮಿತಿಯೂ ಅಡ್ಡಬರದು. ದೇಶದೊಳಗೆ ಇಶಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ಟೂಟೂ ರೈಫಲ್ ತಯಾರಾಗುತ್ತದೆ. ಮನೆಯಲ್ಲಿ ಹಿರಿಯರ ಬಿ.ಎಸ್.ಎ. ಅಥವಾ ಬ್ರನೋ ಇದ್ದು ನಳಿಗೆ ತುಕ್ಕು ಹಿಡಿಯದಿದ್ದರೆ ಹೊಸದರ ಗೊಡವೆಯೇ ಬೇಡ. ತೋಟಾ ಇಲ್ಲದೆ ಬರಿದೇ ಕುದುರೆ ಎಳೆದು ಆಡಬಾರದು; ಮುಳ್ಳು ನಳಿಗೆಯ ಅಂಚಿಗೆ ಬಡಿದು ಹಳ್ಳ ಬೀಳುತ್ತದೆ. ತೋಟಾ ಹಾರದಿದ್ದರೆ ಬಾಯಿಯನ್ನು ಗುರಿಯ ದಿಬ್ಬದ ಕಡೆಗೇ ಹಿಡಿದು ಅರ್ಧ ನಿಮಿಷ ಕಾದು ಆಮೇಲೆ ಬೋಲ್ಟು ತೆರೆಯಬೇಕು. ಕೊಳ್ಳುವ ದಿನ ನಳಿಗೆಯ ಮೇಲಿನ ನಂಬರೂ ಲೈಸೆನ್ಸಿನಲ್ಲಿ ಬರೆದ ನಂಬರೂ ಒಂದೇ ಆಗಿವೆಯೇ ಎಂದು ಅಂಗಡಿಯ ಮೆಟ್ಟಿಲು ಇಳಿಯುವ ಮುನ್ನವೇ ತಾಳೆ ನೋಡಿರಿ. ಒಂದು ಅಂಕಿ ತಪ್ಪಿದರೂ ತಿದ್ದಿಸಲು ಜಿಲ್ಲಾ ಕಚೇರಿಗೆ ಹಲವು ಸಲ ಅಲೆಯಬೇಕಾದೀತು.