ಬಾಯಿಪಾಠದ ಸಂಸ್ಕಾರ

ಸಾಹಿತ್ಯದ ವಿದ್ಯಾರ್ಥಿಗಳಿಗೆ ‘ಸಂಸ್ಕಾರ’ ಎಂದೊಡನೆ ನೆನಪಾಗುವುದು 1965ರಲ್ಲಿ ಬಂದ ಅನಂತಮೂರ್ತಿಯವರ ಕಾದಂಬರಿ. ನಾರಣಪ್ಪನ ಶವಸಂಸ್ಕಾರ ಯಾರು ಮಾಡಬೇಕೆಂದು ಪ್ರಾಣೇಶಾಚಾರ್ಯರು ಗ್ರಂಥಗಳನ್ನೆಲ್ಲ ತಿರುವಿ ಹಾಕುತ್ತಾರೆ, ಉತ್ತರ ಸಿಗುವುದಿಲ್ಲ. ಕನ್ನಡದ ಕಥೋಲಿಕರಾದ ನಮಗೆ ಈ ಪದಕ್ಕೆ ಇನ್ನೊಂದು ಅರ್ಥವೂ ಉಂಟು. ಜ್ಞಾನಸ್ನಾನ, ದೃಢೀಕರಣ, ಪರಮಪ್ರಸಾದ, ಪಾಪನಿವೇದನೆ, ರೋಗಿಗಳ ಅಭ್ಯಂಗ, ಗುರುದೀಕ್ಷೆ, ಮದುವೆ: ಈ ಏಳನ್ನು ನಾವು ಸಂಸ್ಕಾರಗಳು ಎನ್ನುತ್ತೇವೆ. ನಮ್ಮ ಕಷ್ಟ ಆಚಾರ್ಯರ ಕಷ್ಟಕ್ಕೆ ತಿರುಗುಮುರುಗಾದದ್ದು. ಉತ್ತರಗಳೆಲ್ಲ ಪುಸ್ತಕದಲ್ಲಿ ಸಿದ್ಧವಾಗಿವೆ, ಪ್ರಶ್ನೆ ಕೇಳುವವರಿಗೆ ಜಾಗವಿಲ್ಲ.

ನನ್ನ ವಾದ ಸರಳ. ಸಂಸ್ಕಾರಕ್ಕೆ ಸಿದ್ಧತೆ ಎಂಬ ಹೆಸರಿನಲ್ಲಿ ನಾವು ನಡೆಸುತ್ತಿರುವುದು ಪರೀಕ್ಷೆಯ ಸಿದ್ಧತೆ. ಅದನ್ನು ಪರಂಪರೆ ಎಂದು ಸಮರ್ಥಿಸುವವರು ಪರಂಪರೆಯನ್ನು ಸರಿಯಾಗಿ ಓದಿಲ್ಲ.

ಪಿಎಚ್‌ಡಿ ಕೆಲಸದ ನಡುವೆ ಕೆಲವು ವರ್ಷ ಭಾನುವಾರದ ಧರ್ಮೋಪದೇಶ ತರಗತಿಗಳಲ್ಲಿ ಪಾಠ ಮಾಡಿದ್ದೇನೆ. ಸಂಸ್ಕಾರ ಎಂದರೇನು ಎಂದು ಕೇಳಿದರೆ ಮಕ್ಕಳು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದರು. ಆ ಉತ್ತರದೊಳಗಿನ ‘ಚಿಹ್ನೆ’ ಎಂಬ ಪದಕ್ಕೆ ಏನರ್ಥ ಎಂದರೆ ಮುಖ ಮುಖ ನೋಡುತ್ತಿದ್ದರು. ಒಮ್ಮೆ ಒಬ್ಬಳು ಹುಡುಗಿ, “ಪರಮಪ್ರಸಾದ ಊಟ ಅಂತೀರಲ್ಲ ಸರ್, ಹೊಟ್ಟೇನೇ ತುಂಬಲ್ಲವಲ್ಲ?” ಎಂದಳು. ಪಕ್ಕದಲ್ಲಿದ್ದ ಹಿರಿಯ ಶಿಕ್ಷಕರೊಬ್ಬರು ಅಧಿಕಪ್ರಸಂಗ ಮಾಡಬೇಡ ಎಂದು ಗದರಿ ಕೂರಿಸಿದರು.

ಅದು ಅಧಿಕಪ್ರಸಂಗವಾಗಿರಲಿಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೆಯ ಅಧ್ಯಾಯ ನೋಡಿ. ಪ್ರಭುಭೋಜನಕ್ಕೆಂದು ಸೇರಿದಾಗ ಕೆಲವರು ಹಸಿದೇ ಇರುತ್ತಾರೆ, ಕೆಲವರು ಕುಡಿದು ಮತ್ತರಾಗಿರುತ್ತಾರೆ ಎಂದು ಅವರು ಸಿಟ್ಟಾಗಿದ್ದಾರೆ. ಈ ಊಟಕ್ಕೂ ಹಸಿವಿಗೂ ಏನು ಸಂಬಂಧ ಎಂಬುದು ಸಂಸ್ಕಾರದಷ್ಟೇ ಹಳೆಯ ಪ್ರಶ್ನೆ. ಒಂಬತ್ತು ವರ್ಷದ ಹುಡುಗಿ ಅದನ್ನು ತಾನಾಗಿ ಕಂಡುಕೊಂಡಿದ್ದಳು. ಸಿದ್ಧತೆ ಶುರುವಾಗಬೇಕಾದದ್ದು ಅಲ್ಲಿಂದ, ನಾವು ಅಲ್ಲೇ ಬಾಗಿಲು ಹಾಕಿದೆವು.

ಪ್ರಶ್ನೋತ್ತರದ ಪುಸ್ತಕ ಧರ್ಮಸಭೆಯ ಮೊದಲ ದಿನಗಳಿಂದ ಬಂದದ್ದೆಂಬ ಭಾವನೆ ಹಲವರಲ್ಲಿದೆ. ಅದು ಮನೆಮನೆಗೆ ತಲುಪಿದ್ದು ಅಚ್ಚಿನ ಯಂತ್ರದ ಜೊತೆಗೆ. ಲೂಥರ್ 1529ರಲ್ಲಿ ತನ್ನ ಕಿರು ಧರ್ಮೋಪದೇಶವನ್ನು ಪ್ರಕಟಿಸಿದ. ಕಥೋಲಿಕರ ಕಡೆಯಿಂದ ಪೀಟರ್ ಕನೀಸಿಯಸ್‌ನ ಪುಸ್ತಕ 1555ರಲ್ಲಿ ಬಂತು. ಅದಕ್ಕೂ ಸಾವಿರ ವರ್ಷ ಹಿಂದಿನ ಪದ್ಧತಿಯೇ ಬೇರೆ. 4ನೆಯ ಶತಮಾನದ ಜೆರೂಸಲೇಮಿನ ಬಿಷಪ್ ಸಿರಿಲರ ಹೆಸರಿನಲ್ಲಿ ಕೆಲವು ಉಪನ್ಯಾಸಗಳು ಉಳಿದಿವೆ. ಹೊಸದಾಗಿ ಜ್ಞಾನಸ್ನಾನ ಪಡೆದವರಿಗೆ ನೀರು, ಎಣ್ಣೆ, ರೊಟ್ಟಿಯ ಅರ್ಥವನ್ನು ಅವುಗಳಲ್ಲಿ ಬಿಡಿಸಿ ಹೇಳಲಾಗಿದೆ, ಅದೂ ಅವರು ಸಂಸ್ಕಾರ ಪಡೆದ ಮೇಲೆ. ಮಿಲಾನಿನಲ್ಲಿ ಅಂಬ್ರೋಸರು ಮಾಡಿದ್ದೂ ಇದನ್ನೇ. ಮೊದಲು ಬೋಧನೆ ಇತ್ತು, ತಿಂಗಳುಗಟ್ಟಲೆ ಜೊತೆಗಿರುವವರಿದ್ದರು. ಸಂಸ್ಕಾರದ ನಂತರವೂ ಮಾತು ಮುಂದುವರಿಯುತ್ತಿತ್ತು. ನಮ್ಮಲ್ಲಿ ಬಿಳಿ ಉಡುಪು, ಫೋಟೊ, ಹಾಲಿನಲ್ಲಿ ಬಿರಿಯಾನಿ ಮುಗಿದ ಮರುದಿನಕ್ಕೆ ಮಾತು ಮುಗಿದಿರುತ್ತದೆ.

“ಗೊತ್ತಿಲ್ಲದೆ ಸ್ವೀಕರಿಸಿದರೆ ಸಂಸ್ಕಾರ ಅಗ್ಗವಾಗುತ್ತದೆ” ಎನ್ನುವವರಿದ್ದಾರೆ. ಹಾಗಾದರೆ ಏನೂ ಅರಿಯದ ಹಸುಗೂಸಿಗೆ ಜ್ಞಾನಸ್ನಾನ ಕೊಡುವುದೇಕೆ? 1910ರಲ್ಲಿ ಪೋಪ್ ಹತ್ತನೆಯ ಪಿಯುಸ್ ಮೊದಲ ಪರಮಪ್ರಸಾದದ ವಯಸ್ಸನ್ನು ಸುಮಾರು ಏಳಕ್ಕೆ ಇಳಿಸಿದರು. ಧರ್ಮದ ಪೂರ್ಣ ತಿಳಿವಳಿಕೆ ಅದಕ್ಕೆ ಬೇಕಿಲ್ಲ ಎಂದರು. ಮಗು ಈ ರೊಟ್ಟಿಗೂ ಮಾಮೂಲಿ ರೊಟ್ಟಿಗೂ ವ್ಯತ್ಯಾಸ ಅರಿಯುವಂತಿರಬೇಕು, ಉಳಿದದ್ದನ್ನು ನಿಧಾನವಾಗಿ ಕಲಿಯಬಹುದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 913ನೆಯ ವಿಧಿಯೂ ಮಗುವಿನ ಶಕ್ತಿಗೆ ತಕ್ಕ ತಿಳಿವಳಿಕೆಯನ್ನಷ್ಟೇ ಕೇಳುತ್ತದೆ. ಹೀಗಿರುವಾಗ ಓದಲು ತಡವರಿಸುವ ಮಗುವನ್ನೋ, ಅಪ್ಪ ಅಮ್ಮನ ಜೊತೆ ಕಾಫಿ ತೋಟದಿಂದ ತೋಟಕ್ಕೆ ಅಲೆಯುತ್ತ ಹಾಜರಿ ಕಳೆದುಕೊಂಡ ಮಗುವನ್ನೋ ‘ಮುಂದಿನ ವರ್ಷ ಬಾ’ ಎಂದು ಕಳಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಬಾಯಿಪಾಠವನ್ನೇ ನಾನು ಹಳಿಯುತ್ತಿಲ್ಲ. ಅಕ್ಷರ ಬಾರದ ಅಜ್ಜಿಯರು ಜಪಸರದ ಪ್ರಾರ್ಥನೆಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದವರು. ಆದರೆ ಆ ಪ್ರಾರ್ಥನೆಗೆ ಯಾರೂ ಅಂಕ ಕೊಡುತ್ತಿರಲಿಲ್ಲ, ಅದು ದಿನದ ಸುಖದುಃಖದೊಳಗೆ ಸೇರಿತ್ತು.

ಮಕ್ಕಳ ತರಗತಿಗೆ ಮಾತು ನಿಂತರೆ ಏನಾಗುತ್ತದೆಂದು ನೋಡಬೇಕಾದರೆ ರೋಗಿಗಳ ಅಭ್ಯಂಗವನ್ನು ನೋಡಿ. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದನ್ನು ‘ಕೊನೆಯ ಅಭ್ಯಂಗ’ ಎನ್ನುವುದಕ್ಕಿಂತ ‘ರೋಗಿಗಳ ಅಭ್ಯಂಗ’ ಎನ್ನುವುದು ಮೇಲು ಎಂದಿತು. ಸಾವಿನಂಚಿನಲ್ಲಿರುವವರಿಗೆ ಮಾತ್ರ ಇದು ಮೀಸಲಲ್ಲ ಎಂದಿತು. ಅರವತ್ತು ವರ್ಷ ದಾಟಿದೆ. ಇಂದಿಗೂ ಎಷ್ಟೋ ಮನೆಗಳಲ್ಲಿ ಫಾದರ್‌ರನ್ನು ಕರೆಸಿದರೆ ಸಾವು ಬಂತೆಂದೇ ಲೆಕ್ಕ. ರೋಗಿ ಹೆದರಿಯಾರೆಂದು ಮನೆಯವರು ತಡೆದು ತಡೆದು, ಕೊನೆಗೆ ಪ್ರಜ್ಞೆ ತಪ್ಪಿದ ಮೇಲೆ ಕರೆಸುತ್ತಾರೆ. ಧೈರ್ಯ ಕೊಡಬೇಕಾದ ಎಣ್ಣೆ ಭಯದ ಎಣ್ಣೆಯಾಗಿದೆ. ಇವರೆಲ್ಲ ಚಿಕ್ಕಂದಿನಲ್ಲಿ ಏಳು ಸಂಸ್ಕಾರಗಳ ಹೆಸರನ್ನು ತಪ್ಪಿಲ್ಲದೆ ಒಪ್ಪಿಸಿದವರೇ.

ಆಗಬೇಕಾದದ್ದು ದೊಡ್ಡ ಸುಧಾರಣೆಯೇನೂ ಅಲ್ಲ. ಸಂಹಿತೆಯ 914ನೆಯ ವಿಧಿ ಮಕ್ಕಳನ್ನು ಸಿದ್ಧಗೊಳಿಸುವ ಹೊಣೆಯನ್ನು ಹೇಳುವಾಗ ಮೊದಲು ಹೆಸರಿಸುವುದು ತಂದೆತಾಯಿಯರನ್ನು, ಆಮೇಲೆ ಗುರುಗಳನ್ನು. ಅವರನ್ನೂ ಮಕ್ಕಳ ಪಕ್ಕದಲ್ಲಿ ಕೂರಿಸಿ. ಪರಮಪ್ರಸಾದದ ಭಾನುವಾರ ಕಳೆದ ಮೇಲೆ ಇನ್ನೂ ನಾಲ್ಕು ವಾರ ತರಗತಿ ನಡೆಸಿ, ಏನನ್ನಿಸಿತೆಂದು ಕೇಳಿ. ಕೊನೆಯ ಪರೀಕ್ಷೆ ಇಡಲೇಬೇಕೆಂದಿದ್ದರೆ ಪ್ರತಿ ಮಗುವಿನಿಂದ ಒಂದೊಂದು ಪ್ರಶ್ನೆ ಬರೆಸಿಕೊಳ್ಳಿ. ಅದಕ್ಕೆ ಉತ್ತರ ಹುಡುಕುವ ಕೆಲಸ ಶಿಕ್ಷಕರದ್ದಾಗಿರಲಿ.